ಬೆನ್ನುಮೂಳೆ ಸಂಶೋಧನೆಗೆ ಯಾವ ಅನುದಾನ, ಯಾವ ಫೆಲೋಶಿಪ್? ಮೊತ್ತಕ್ಕಿಂತ ಮೊದಲು ತಿಂಗಳುಗಳನ್ನು ಎಣಿಸಿ

ಆರ್ಥೋಪೆಡಿಕ್ಸ್ ವಿಭಾಗಕ್ಕೆ ಈಚೆಗೆ ಸೇರಿದ ಅಸಿಸ್ಟೆಂಟ್ ಪ್ರೊಫೆಸರ್, ಪಿಎಚ್‌ಡಿ ಮುಗಿಸಿದ ಫಿಸಿಯೋಥೆರಪಿಸ್ಟ್, ಸ್ಕ್ರೂ-ರಾಡ್ ವಿನ್ಯಾಸ ಮಾಡುವ ಎಂಜಿನಿಯರ್, ಹೀಗೆ ಬೆನ್ನುಮೂಳೆಯ ಮೇಲೆ ಕೆಲಸ ಮಾಡುವವರೆಲ್ಲ ಒಂದೇ ಪ್ರಶ್ನೆಯ ಮುಂದೆ ನಿಲ್ಲುತ್ತಾರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಗೆ (ಐಸಿಎಂಆರ್) ಅರ್ಜಿ ಹಾಕುವುದೋ, ಅನುಸಂಧಾನ್ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನಕ್ಕೋ (ಎಎನ್‌ಆರ್‌ಎಫ್), ಇಂಡಿಯಾ ಅಲಯನ್ಸ್ ಫೆಲೋಶಿಪ್‌ಗೋ, ಇಲ್ಲವೇ ವಿದೇಶದ ಸ್ಪೈನ್ ಸೊಸೈಟಿಗಳ ಕಡೆ ತಿರುಗುವುದೋ? ಹೆಚ್ಚಿನವರು ಮೊದಲು ನೋಡುವುದು ಎಷ್ಟು ಲಕ್ಷ ಸಿಗುತ್ತದೆ ಎಂಬುದನ್ನು. ಈ ಕ್ಷೇತ್ರದ ಮಟ್ಟಿಗೆ ಅದು ಎರಡನೆಯ ಪ್ರಶ್ನೆ. ಎಷ್ಟು ತಿಂಗಳು ಸಿಗುತ್ತದೆ ಎಂಬುದೇ ಮೊದಲನೆಯದು.

ಕಾರಣ ಸರಳ. ಬೆನ್ನಿನ ಶಸ್ತ್ರಚಿಕಿತ್ಸೆಯ ಫಲಿತಾಂಶವನ್ನು ಒಪ್ಪಬೇಕಾದರೆ ಸ್ಪೈನ್ ಜರ್ನಲ್‌ಗಳು ಸಾಮಾನ್ಯವಾಗಿ ಎರಡು ವರ್ಷದ ಫಾಲೋಅಪ್ (ಚಿಕಿತ್ಸೆಯ ನಂತರವೂ ರೋಗಿಯನ್ನು ಮತ್ತೆ ಮತ್ತೆ ಪರೀಕ್ಷಿಸುವುದು) ಕೇಳುತ್ತವೆ. ನಮ್ಮ ಅನುದಾನಗಳಲ್ಲಿ ಹೆಚ್ಚಿನವು ಮೂರು ವರ್ಷದವು. ಈ ಎರಡು ಸಂಖ್ಯೆಗಳ ನಡುವಿನ ಇಕ್ಕಟ್ಟಿನಲ್ಲೇ ಎಷ್ಟೋ ಒಳ್ಳೆಯ ಯೋಜನೆಗಳು ಅರ್ಧಕ್ಕೆ ನಿಲ್ಲುತ್ತವೆ.

ಒಂದು ಲೆಕ್ಕ ಹಾಕಿ ನೋಡೋಣ

ಸೊಂಟದ ಡಿಸ್ಕ್ ಶಸ್ತ್ರಚಿಕಿತ್ಸೆಯ ನಂತರ ಎರಡು ಬಗೆಯ ಫಿಸಿಯೋಥೆರಪಿಯನ್ನು ಹೋಲಿಸುವ ಅಧ್ಯಯನ ಎಂದುಕೊಳ್ಳಿ. ಅಳತೆಗೋಲು ಓಸ್ವೆಸ್ಟ್ರಿ ಸೂಚ್ಯಂಕ, ಅಂದರೆ ಸೊಂಟನೋವು ದಿನದ ಕೆಲಸಗಳಿಗೆ ಎಷ್ಟು ಅಡ್ಡಿಯಾಗಿದೆ ಎಂದು ಕೇಳುವ ಪ್ರಶ್ನಾವಳಿಯ ಅಂಕ. ರೋಗಿಗೆ ಅನುಭವಕ್ಕೆ ಬರುವ ಕನಿಷ್ಠ ವ್ಯತ್ಯಾಸ 10 ಅಂಕ, ಸ್ಟ್ಯಾಂಡರ್ಡ್ ಡೀವಿಯೇಶನ್ (ರೋಗಿಯಿಂದ ರೋಗಿಗೆ ಅಂಕಗಳ ಏರಿಳಿತ) 18 ಎಂದು ಹಿಡಿದರೆ, ಶೇ. 80ರ ಪವರ್‌ಗೆ (ವ್ಯತ್ಯಾಸ ನಿಜವಾಗಿ ಇದ್ದರೆ ಅದು ಪತ್ತೆಯಾಗುವ ಸಾಧ್ಯತೆ) ಪ್ರತಿ ಗುಂಪಿಗೆ 51 ಜನ ಬೇಕು. ಶೇ. 15ರಷ್ಟು ಮಂದಿ ಮಧ್ಯೆ ಕೈಬಿಡುತ್ತಾರೆಂದು ಸೇರಿಸಿಕೊಂಡರೆ ಗುಂಪಿಗೆ 60, ಒಟ್ಟು 120.

ಈಗ ತಿಂಗಳುಗಳು. ಎಥಿಕ್ಸ್ ಕಮಿಟಿ, ಸಿಟಿಆರ್‌ಐ (ಭಾರತದ ಕ್ಲಿನಿಕಲ್ ಟ್ರಯಲ್‌ಗಳ ಪಟ್ಟಿ) ನೋಂದಣಿ, ಸಿಬ್ಬಂದಿ ನೇಮಕಕ್ಕೆ 4. ತಿಂಗಳಿಗೆ 10 ರೋಗಿಗಳಂತೆ ಸೇರಿಸಿಕೊಳ್ಳಲು 12. ಕೊನೆಯ ರೋಗಿಯ ಫಾಲೋಅಪ್ ಮುಗಿಯಲು 24. ವಿಶ್ಲೇಷಣೆಗೆ 3. ಒಟ್ಟು 43 ತಿಂಗಳು, ಅನುದಾನ 36 ತಿಂಗಳದ್ದು.

ಇನ್ನು ಹಣ. ಎರಡು ವರ್ಷ ಜೆಆರ್‌ಎಫ್ (ಕಿರಿಯ ಸಂಶೋಧನಾ ಫೆಲೋ) ತಿಂಗಳಿಗೆ 37,000 ರೂಪಾಯಿಯಂತೆ, ಮೂರನೇ ವರ್ಷ ಎಸ್‌ಆರ್‌ಎಫ್ (ಹಿರಿಯ ಸಂಶೋಧನಾ ಫೆಲೋ) 42,000ದಂತೆ ಒಬ್ಬ ಸಂಶೋಧನಾ ಸಿಬ್ಬಂದಿಗೆ 13.92 ಲಕ್ಷ, ಬೆಂಗಳೂರಿನ ಶೇ. 30 ಮನೆ ಬಾಡಿಗೆ ಭತ್ಯೆ ಸೇರಿದರೆ 18.10 ಲಕ್ಷ. ರೋಗಿಗೆ ಎರಡರಂತೆ 240 ಎಂಆರ್‌ಐ, ಒಂದಕ್ಕೆ 6,000 ಎಂದರೆ 14.40 ಲಕ್ಷ. ಚಿಕಿತ್ಸೆಗೆ ಬೇಡದ, ಸಂಶೋಧನೆಗಷ್ಟೇ ಬೇಕಾದ ಸ್ಕ್ಯಾನ್‌ನ ಖರ್ಚನ್ನು ರೋಗಿಯ ಬಿಲ್ಲಿಗೆ ಹಾಕುವಂತಿಲ್ಲ. ಈ ಸಾಲನ್ನು ಬಜೆಟ್‌ನಲ್ಲಿ ಮರೆತವರು ಮುಂದೆ ಪೇಚಿಗೆ ಸಿಕ್ಕಿಕೊಳ್ಳುತ್ತಾರೆ. ನಾಲ್ಕು ಭೇಟಿಗಳಿಗೆ ತಲಾ 500 ರೂಪಾಯಿ ಪ್ರಯಾಣ ವೆಚ್ಚ ಕೊಟ್ಟರೆ 2.40 ಲಕ್ಷ. ಇಷ್ಟಕ್ಕೇ 34.90 ಲಕ್ಷ. ವಿಮೆ, ಸಂಖ್ಯಾಶಾಸ್ತ್ರಜ್ಞರ ಶುಲ್ಕ, ಸಣ್ಣಪುಟ್ಟ ಖರ್ಚು ಸೇರಿ ಸುಮಾರು 40 ಲಕ್ಷ.

ಅಂದರೆ ಹಣ ದೊಡ್ಡ ತೊಡಕೇ ಅಲ್ಲ. 40 ಲಕ್ಷ ಕೊಡುವ ಬಾಗಿಲುಗಳು ಹಲವಿವೆ. 43 ತಿಂಗಳು ಕೊಡುವವು ಕಡಿಮೆ.

ಯಾವುದನ್ನು ಯಾವುದರಿಂದ ಅಳೆಯಬೇಕು

ಅವಧಿಯ ನಂತರ ಕೇಳಬೇಕಾದದ್ದು, ಈ ಹಣ ಯಾರಿಗೆ ಬರುತ್ತದೆ ಎಂದು. ಅನುದಾನ ಯೋಜನೆಗೆ ಬರುತ್ತದೆ: ಸಿಬ್ಬಂದಿ, ಪರೀಕ್ಷೆ, ಉಪಕರಣಗಳಿಗೆ. ನಿಮ್ಮ ಸಂಬಳವನ್ನು ಕಾಲೇಜೇ ಕೊಡಬೇಕು, ಒಪಿಡಿ-ಒಟಿ ಪಾಳಿಯೂ ತಪ್ಪುವುದಿಲ್ಲ. ಸಂಶೋಧನಾ ಫೆಲೋಶಿಪ್ ನಿಮ್ಮ ಸಮಯವನ್ನೇ ಕೊಳ್ಳುತ್ತದೆ, ಸಂಬಳವನ್ನೂ ಕೊಡುತ್ತದೆ. ‘ಸ್ಪೈನ್ ಫೆಲೋಶಿಪ್’ ಎಂದು ಆಸ್ಪತ್ರೆಗಳಲ್ಲಿ ಹೇಳುವುದು ಬಹುಪಾಲು ಮೂರನೆಯದೇ ಒಂದು ವಸ್ತು: ಶಸ್ತ್ರಚಿಕಿತ್ಸೆಯ ತರಬೇತಿ. ರಾಷ್ಟ್ರೀಯ ಪರೀಕ್ಷಾ ಮಂಡಳಿಯ ಎರಡು ವರ್ಷದ ಎಫ್‌ಎನ್‌ಬಿ ಸ್ಪೈನ್ ಸರ್ಜರಿ ಈ ಜಾತಿಯದು. ಕೈ ಪಳಗಲು ಅದು ಬಹಳ ಒಳ್ಳೆಯದು. ಸಂಶೋಧನೆಗೆ ಹಣ ಅಲ್ಲಿ ಸಿಗುವುದಿಲ್ಲ. ಈ ಮೂರನ್ನೂ ಒಂದೇ ಪಟ್ಟಿಯಲ್ಲಿಟ್ಟು ಹೋಲಿಸಿದರೆ ಆಯ್ಕೆ ಮೊದಲ ಹೆಜ್ಜೆಯಲ್ಲೇ ಎಡವುತ್ತದೆ.

ಉಳಿದ ಎರಡು ಅಳತೆಗಳು ನಿಮ್ಮ ಸಂಸ್ಥೆಯವು. ಹಣ ಸ್ವೀಕರಿಸುವ ಅರ್ಹತೆ ಅದಕ್ಕಿದೆಯೇ? ಲೆಕ್ಕ ಒಪ್ಪಿಸುವ ಕಚೇರಿ ಇದೆಯೇ? ಖಾಸಗಿ ಆಸ್ಪತ್ರೆಗಾದರೆ ಡಿಎಸ್‌ಐಆರ್ (ಕೇಂದ್ರದ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಇಲಾಖೆ) ಮಾನ್ಯತೆ ಕೇಳುವುದು ವಾಡಿಕೆ. ಅದಿಲ್ಲದಿದ್ದರೆ ಮೆಡಿಕಲ್ ಕಾಲೇಜೊಂದರ ಜೊತೆ ಸೇರಿ ಅರ್ಜಿ ಹಾಕುವುದು ಬೇಗನೆ ಆಗುವ ದಾರಿ.

ಐಸಿಎಂಆರ್: ಎಲ್ಲರೂ ಮೊದಲು ತಟ್ಟುವ ಬಾಗಿಲು

ಐಸಿಎಂಆರ್‌ನ ಎಕ್ಸ್‌ಟ್ರಾಮ್ಯೂರಲ್ (ಹೊರಗಿನ ಸಂಸ್ಥೆಗಳಿಗೆ ಕೊಡುವ) ಅನುದಾನದಲ್ಲಿ ಎರಡು ಮುಖ್ಯ ದರ್ಜೆಗಳಿವೆ. ‘ಸ್ಮಾಲ್’ ದರ್ಜೆಯಲ್ಲಿ 2 ಕೋಟಿವರೆಗೆ, ಗರಿಷ್ಠ 3 ವರ್ಷ. ‘ಇಂಟರ್‌ಮೀಡಿಯೇಟ್’ ದರ್ಜೆಯಲ್ಲಿ 2ರಿಂದ 8 ಕೋಟಿ, ಗರಿಷ್ಠ 4 ವರ್ಷ. ‘ಸ್ಮಾಲ್’ ಎಂಬ ಹೆಸರು ಕೇಳಿ ಸಣ್ಣದೆನ್ನಬೇಡಿ. ನಮ್ಮ 40 ಲಕ್ಷದ ಅಧ್ಯಯನ ಅದರಲ್ಲಿ ಸಲೀಸಾಗಿ ಕೂರುತ್ತದೆ. ಕೂರದಿರುವುದು 43 ತಿಂಗಳು.

ದಾರಿಗಳು ಮೂರಿವೆ. ಒಂದು, ಮುಖ್ಯ ಫಲಿತಾಂಶವನ್ನು 12 ತಿಂಗಳಿಗೆ ಇಳಿಸುವುದು. ಆಗ ಒಟ್ಟು 31 ತಿಂಗಳಾಗಿ, ಎಡವಟ್ಟುಗಳಿಗೆ 5 ತಿಂಗಳು ಕೈಯಲ್ಲಿ ಉಳಿಯುತ್ತದೆ. ಫಿಸಿಯೋಥೆರಪಿ, ನೋವು, ಕೆಲಸಕ್ಕೆ ಮರಳುವಿಕೆಯ ಪ್ರಶ್ನೆಗಳಿಗೆ 12 ತಿಂಗಳು ಸಾಕು. ಫ್ಯೂಷನ್ (ಕಶೇರುಕಗಳನ್ನು ಬೆಸೆಯುವ ಶಸ್ತ್ರಚಿಕಿತ್ಸೆ) ನಂತರದ ಮೂಳೆ ಕೂಡುವಿಕೆ, ಪಕ್ಕದ ಡಿಸ್ಕ್ ಸವೆತದಂಥವಕ್ಕೆ ಸಾಲದು.

ಎರಡು, ಕೇಂದ್ರಗಳನ್ನು ಹೆಚ್ಚಿಸುವುದು. ಮೂರು ಆಸ್ಪತ್ರೆಗಳು ಸೇರಿದರೆ 12 ತಿಂಗಳ ಸೇರ್ಪಡೆ ನಾಲ್ಕೈದಕ್ಕೆ ಇಳಿಯುತ್ತದೆ, ಒಟ್ಟು ಅವಧಿ 36ರ ಅಂಚಿಗೆ ಬರುತ್ತದೆ. ಬರುವುದು ಕಾಗದದ ಮೇಲೆ ಮಾತ್ರ. ಮೂರೂ ಕಡೆಯ ಎಥಿಕ್ಸ್ ಒಪ್ಪಿಗೆ, ಒಡಂಬಡಿಕೆ ಪತ್ರ, ಹಣದ ಹಂಚಿಕೆ ಆಗಬೇಕು, ಅತಿ ನಿಧಾನದ ಕೇಂದ್ರವೇ ಎಲ್ಲರ ವೇಗವನ್ನು ನಿರ್ಧರಿಸುತ್ತದೆ. ಪರಸ್ಪರ ಪರಿಚಯವಿಲ್ಲದ ಕೇಂದ್ರಗಳನ್ನು ಅರ್ಜಿಯ ತೂಕ ಹೆಚ್ಚಿಸಲೆಂದು ಸೇರಿಸಿಕೊಂಡರೆ ಆ ಉಳಿತಾಯವೆಲ್ಲ ಕರಗಿಹೋಗುತ್ತದೆ.

ಮೂರು, ಕೊನೆಯ ಫಾಲೋಅಪ್‌ಗೆ ಅವಧಿ ವಿಸ್ತರಣೆ ಕೇಳಬಹುದೆಂಬ ನಂಬಿಕೆಯಲ್ಲಿ ಹೊರಡುವುದು. ಹೆಚ್ಚುವರಿ ಹಣವಿಲ್ಲದ ವಿಸ್ತರಣೆ ಸಿಕ್ಕರೂ ಸಿಬ್ಬಂದಿಯ ಸಂಬಳ ಎಲ್ಲಿಂದ ಬರಬೇಕು? ಈ ದಾರಿ ಹಿಡಿಯಬೇಡಿ ಎಂದೇ ನಮ್ಮ ಸಲಹೆ. ಮೂರನೇ ವರ್ಷದ ಕೊನೆಗೆ ಎಸ್‌ಆರ್‌ಎಫ್ ಬೇರೆ ಕೆಲಸಕ್ಕೆ ಹೋದರೆ ಫೋನ್ ಮಾಡಿ ರೋಗಿಗಳನ್ನು ಕರೆಸುವವರು ಇರುವುದಿಲ್ಲ, ಶೇ. 15 ಎಂದುಕೊಂಡ ಸೋರಿಕೆ ಎಲ್ಲಿಗೋ ಹೋಗುತ್ತದೆ.

ಪರಿಶೀಲಕರು ಮೊದಲು ಕೈ ಇಡುವುದು ರೋಗಿಗಳ ಸಂಖ್ಯೆಯ ಮೇಲೆ. ತಿಂಗಳಿಗೆ 12 ಡಿಸ್ಕ್ ಶಸ್ತ್ರಚಿಕಿತ್ಸೆ ನಡೆಯುವ ವಿಭಾಗದಲ್ಲಿ ಅರ್ಧದಷ್ಟು ಜನ ಅರ್ಹರಾಗಿ ಒಪ್ಪಿದರೆ ಸಿಗುವುದು 6 ಮಂದಿ. 120 ಜನರಿಗೆ 20 ತಿಂಗಳು ಬೇಕು, 12 ಅಲ್ಲ. ಕಳೆದ ವರ್ಷದ ಒಟಿ ರಿಜಿಸ್ಟರ್‌ನಿಂದ ತಿಂಗಳವಾರು ಎಣಿಕೆ ತೆಗೆದು ಅರ್ಜಿಯಲ್ಲೇ ಒಂದು ಸಣ್ಣ ಕೋಷ್ಟಕವಾಗಿ ಕೊಡಿ. ನೀಟಾಗಿ ಬರೆದ ಎರಡು ಪುಟದ ಹಿನ್ನೆಲೆಗಿಂತ ಆ ಕೋಷ್ಟಕ ಹೆಚ್ಚು ನಂಬಿಕೆ ಹುಟ್ಟಿಸುತ್ತದೆ.

ಎಎನ್‌ಆರ್‌ಎಫ್: ಹೊಸಬರಿಗೆ

2023ರ ಕಾಯ್ದೆಯಿಂದ ಬಂದ ಎಎನ್‌ಆರ್‌ಎಫ್ ವಿಜ್ಞಾನ ಸಂಶೋಧನೆಗೆ ಹಣ ಕೊಡುತ್ತಿದ್ದ ಹಳೆಯ ಮಂಡಳಿ ಎಸ್‌ಇಆರ್‌ಬಿಯನ್ನು ತನ್ನೊಳಗೆ ಸೇರಿಸಿಕೊಂಡಿತು. ಅದರ ಪ್ರಧಾನಮಂತ್ರಿ ಅರ್ಲಿ ಕರಿಯರ್ ರಿಸರ್ಚ್ ಗ್ರಾಂಟ್ 3 ವರ್ಷಕ್ಕೆ 60 ಲಕ್ಷದವರೆಗೆ ಕೊಡುತ್ತದೆ. ಸಂಸ್ಥೆಯ ಓವರ್‌ಹೆಡ್ (ಆಡಳಿತ, ಸೌಲಭ್ಯಗಳ ಖರ್ಚು) ಅದರ ಮೇಲೆ ಪ್ರತ್ಯೇಕ. ಕಾಯಂ ಹುದ್ದೆಗೆ ಹೊಸದಾಗಿ ಸೇರಿದವರಿಗೆ ಇದು ಮೀಸಲು. ಪಿಎಚ್‌ಡಿಯಾದವರ ಜೊತೆಗೆ ಎಂಡಿ, ಎಂಎಸ್ ಮಾಡಿದವರೂ ಹಾಕಬಹುದು. ವಯೋಮಿತಿ 42; ಮಹಿಳೆಯರು ಹಾಗೂ ಮೀಸಲು ವರ್ಗದವರಿಗೆ ಸಡಿಲಿಕೆ ಇದೆ.

ಐಸಿಎಂಆರ್‌ಗೂ ಇದಕ್ಕೂ ಇರುವ ವ್ಯತ್ಯಾಸ ಮೊತ್ತಕ್ಕಿಂತ ಪ್ರಶ್ನೆಯ ಸ್ವಭಾವದಲ್ಲಿದೆ. ಐಸಿಎಂಆರ್ ಕೇಳುವುದು ‘ಇದರಿಂದ ರೋಗಿಗೇನು’ ಎಂದು. ಇಲ್ಲಿ ವಿಜ್ಞಾನದ ಹೊಸತನಕ್ಕೆ ಹೆಚ್ಚು ಬೆಲೆ. ಡಿಸ್ಕ್ ಜೀವಕೋಶಗಳ ಕೆಲಸ, ಕಶೇರುಕಗಳ ಬಯೋಮೆಕ್ಯಾನಿಕ್ಸ್, ಎಂಆರ್‌ಐ ಚಿತ್ರಗಳಿಂದ ಕಲಿಯುವ ಅಲ್ಗಾರಿದಮ್‌ಗಳಿಗೆ ಈ ಬಾಗಿಲು ಸರಿ. ಇಂಥ ಕೆಲಸಕ್ಕೆ 24 ತಿಂಗಳ ಫಾಲೋಅಪ್ ಬೇಡವಾದ್ದರಿಂದ 36 ತಿಂಗಳು ಧಾರಾಳ. ಎಂಜಿನಿಯರಿಂಗ್ ಕಾಲೇಜಿನಲ್ಲಿರುವವರು, ವೈದ್ಯ ಸಹಸಂಶೋಧಕರೊಬ್ಬರನ್ನು ಜೊತೆ ಮಾಡಿಕೊಂಡು, ಮೊದಲು ಇಲ್ಲಿಗೇ ಬರಬೇಕು. ಆ ವೈದ್ಯರು ಸಹಿಗಷ್ಟೇ ಇದ್ದರೆ ಎಥಿಕ್ಸ್ ಕಮಿಟಿಯ ಹಂತದಲ್ಲೇ ಗೊತ್ತಾಗಿಬಿಡುತ್ತದೆ.

ಇಂಡಿಯಾ ಅಲಯನ್ಸ್: 5 ವರ್ಷ ಕೊಡುವ ಆಯ್ಕೆ

ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ ಮತ್ತು ಬ್ರಿಟನ್ನಿನ ವೆಲ್‌ಕಂ ಟ್ರಸ್ಟ್ ಸೇರಿ 2008ರಲ್ಲಿ ಶುರು ಮಾಡಿದ ಕಾರ್ಯಕ್ರಮವಿದು. 2025ರ ಅಕ್ಟೋಬರ್‌ನಲ್ಲಿ ಕೇಂದ್ರ ಸಂಪುಟ ಇದರ ಮೂರನೇ ಹಂತಕ್ಕೆ ಒಪ್ಪಿಗೆ ಕೊಟ್ಟಿತು: ಒಟ್ಟು 1,500 ಕೋಟಿ, ಅದರಲ್ಲಿ 1,000 ಕೋಟಿ ಇಲಾಖೆಯದು, 500 ಕೋಟಿ ವೆಲ್‌ಕಂನದು. ಅರ್ಲಿ ಕರಿಯರ್, ಇಂಟರ್‌ಮೀಡಿಯೇಟ್ ಎಂಬ ಎರಡು ಮಟ್ಟಗಳು. ಕ್ಲಿನಿಕಲ್ ಮತ್ತು ಸಾರ್ವಜನಿಕ ಆರೋಗ್ಯದ ವಿಭಾಗ ಪ್ರತ್ಯೇಕವಾಗಿದೆ, ಅಲ್ಲಿ ವೈದ್ಯರಿಗೆ ಪಿಎಚ್‌ಡಿ ಕಡ್ಡಾಯವಲ್ಲ.

ನಮ್ಮ 43 ತಿಂಗಳ ಅಧ್ಯಯನಕ್ಕೆ ನಿಜವಾಗಿ ಹೊಂದುವುದು ಇದೇ. ಎರಡು ವರ್ಷದ ಫಾಲೋಅಪ್ ಮುಗಿದ ಮೇಲೂ 17 ತಿಂಗಳು ಉಳಿಯುತ್ತದೆ. ಆ ಹೊತ್ತಿನಲ್ಲಿ ಎರಡನೇ ಪ್ರಶ್ನೆಯನ್ನು ಎತ್ತಿಕೊಳ್ಳಬಹುದು.

ಆದರೆ ಬೆಲೆ ತೆರಬೇಕಾದದ್ದು ಸಮಯದಲ್ಲಿ. ಫೆಲೋ ಆದವರು ತಮ್ಮ ಹೊತ್ತಿನ ದೊಡ್ಡ ಪಾಲನ್ನು ಸಂಶೋಧನೆಗೆ ಮುಡಿಪಿಡಬೇಕು. ವಾರಕ್ಕೆ ಮೂರು ಒಟಿ ದಿನ, ಸಂಜೆ ಖಾಸಗಿ ಕ್ಲಿನಿಕ್ ಇಟ್ಟುಕೊಂಡ ಸರ್ಜನ್‌ಗೆ ಇದು ಹೊಂದುವುದಿಲ್ಲ. ಎಂಎಸ್ ಮುಗಿಸಿ ಎರಡು-ಮೂರು ವರ್ಷವಾದವರಿಗಂತೂ ಕಠಿಣ ನಿರ್ಧಾರ, ಏಕೆಂದರೆ ಶಸ್ತ್ರಚಿಕಿತ್ಸೆಯ ಕೈ ಪಳಗುವುದೂ ಅದೇ ವಯಸ್ಸಿನಲ್ಲಿ. ಫಿಸಿಯಾಟ್ರಿ (ಪುನಶ್ಚೇತನ ವೈದ್ಯಕೀಯ), ಸಮುದಾಯ ವೈದ್ಯಕೀಯ, ರೇಡಿಯಾಲಜಿಯವರಿಗೆ ಈ ನಷ್ಟ ಅಷ್ಟಾಗಿ ತಟ್ಟದು. ಸರ್ಜನ್‌ಗಳು ಹಾಕಲೇಬಾರದೆಂದಲ್ಲ. ವಿಭಾಗದ ಮುಖ್ಯಸ್ಥರು ಪಾಳಿ ಬಿಟ್ಟುಕೊಡುವುದನ್ನು ಬರಹದಲ್ಲಿ ಒಪ್ಪಿದ್ದರೆ ಮಾತ್ರ ಹಾಕಿ. ಬಾಯಿಮಾತಿನ ಭರವಸೆ ಮುಖ್ಯಸ್ಥರು ಬದಲಾದ ದಿನವೇ ಮುಗಿಯುತ್ತದೆ.

ವಿದೇಶಿ ಹಣ: ಸಿಗುವುದಕ್ಕಿಂತ ಪಡೆದುಕೊಳ್ಳುವುದು ಕಷ್ಟ

1966ರಲ್ಲಿ ಹುಟ್ಟಿದ ಸ್ಕೋಲಿಯೋಸಿಸ್ ರಿಸರ್ಚ್ ಸೊಸೈಟಿ ಬೆನ್ನುಮೂಳೆಯ ವಕ್ರತೆಯ ಕೆಲಸಕ್ಕೆ ಸಣ್ಣ, ಮಧ್ಯಮ ಅನುದಾನಗಳನ್ನು ಕೊಡುತ್ತದೆ. ಸಂಘದ ಸದಸ್ಯರೊಬ್ಬರು ತಂಡದಲ್ಲಿರಬೇಕು. ಆಸ್ಟ್ರಿಯಾದ ಸಾಲ್ಜ್‌ಬರ್ಗ್‌ನಲ್ಲಿ 2004ರಲ್ಲಿ ಸ್ಥಾಪನೆಯಾದ ವಿಂಗ್ಸ್ ಫಾರ್ ಲೈಫ್ ಬೆನ್ನುಹುರಿಯ ಪೆಟ್ಟಿನ ಸಂಶೋಧನೆಗೆ ಮಾತ್ರ ಹಣ ಕೊಡುತ್ತದೆ, ಯಾವ ದೇಶದವರಾದರೂ ಹಾಕಬಹುದು. ಬೆನ್ನುಮೂಳೆ ಬೇರೆ, ಬೆನ್ನುಹುರಿ ಬೇರೆ: ಡಿಸ್ಕ್ ಅಧ್ಯಯನವನ್ನು ಅಲ್ಲಿಗೆ ಕಳಿಸಿ ಪ್ರಯೋಜನವಿಲ್ಲ. ಕ್ರೇಗ್ ನೀಲ್ಸನ್ ಫೌಂಡೇಶನ್‌ನ ಹೆಸರೂ ಹುಡುಕಾಟದಲ್ಲಿ ಮೇಲೆಯೇ ಕಾಣಿಸುತ್ತದೆ. ಅದು ಅಮೆರಿಕ, ಕೆನಡಾದ ಸಂಸ್ಥೆಗಳಿಗಷ್ಟೇ. ಅಲ್ಲಿ ನೆಲೆಸಿರುವ ಕನ್ನಡಿಗ ಸಂಶೋಧಕರಿಗೆ ಅದು ದೊಡ್ಡ ಆಸರೆ, ಇಲ್ಲಿಂದ ಅರ್ಜಿ ಹಾಕಿದರೆ ಸಮಯ ವ್ಯರ್ಥ.

ಆಯ್ಕೆಯಾದ ಮೇಲೆ ಎರಡು ಗೇಟುಗಳಿವೆ. ವಿದೇಶಿ ನೆರವಿನ ಜೈವಿಕ-ವೈದ್ಯಕೀಯ ಸಂಶೋಧನೆಗೆ ಆರೋಗ್ಯ ಸಚಿವಾಲಯದ ಸ್ಕ್ರೀನಿಂಗ್ ಕಮಿಟಿಯ ಒಪ್ಪಿಗೆ ಬೇಕು. ಇನ್ನು ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ, ಎಫ್‌ಸಿಆರ್‌ಎ. ಸಂಸ್ಥೆ ಅದರಡಿ ನೋಂದಣಿಯಾಗಿರಬೇಕು. 2020ರ ತಿದ್ದುಪಡಿಯ ನಂತರ ಹಣ ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೇ ಬರಬೇಕು, ಆಡಳಿತ ವೆಚ್ಚ ಶೇ. 20 ಮೀರಬಾರದು, ಬಂದ ಹಣವನ್ನು ಇನ್ನೊಂದು ಸಂಸ್ಥೆಗೆ ದಾಟಿಸುವಂತಿಲ್ಲ. ಈ ಕೊನೆಯ ನಿಯಮವೊಂದೇ ಬಹುಕೇಂದ್ರ ಅಧ್ಯಯನವನ್ನು ಮುರಿಯುತ್ತದೆ: ಬೆಂಗಳೂರಿನ ಸಂಸ್ಥೆ ಹುಬ್ಬಳ್ಳಿಯ ಕೇಂದ್ರಕ್ಕೆ ಅದರ ಪಾಲನ್ನು ಕಳಿಸಲಾಗದು. ಇಷ್ಟೆಲ್ಲ ದಾಟಿ 10 ಲಕ್ಷ ಪಡೆಯುವುದಕ್ಕಿಂತ, ಅಷ್ಟೇ ಶ್ರಮದಲ್ಲಿ ಐಸಿಎಂಆರ್‌ನ ದೊಡ್ಡ ಅನುದಾನಕ್ಕೆ ಬರೆಯುವುದು ಲಾಭ.

ವ್ಯಕ್ತಿಗೆ ಸಿಗುವ ಸ್ಕಾಲರ್‌ಶಿಪ್, ಸ್ಟೈಪೆಂಡ್‌ಗಳ ಕಥೆ ಬೇರೆ. ಅವಕ್ಕೆ ಎಫ್‌ಸಿಆರ್‌ಎ ವಿನಾಯಿತಿ ಇದೆ. ಬೆನ್ನುಮೂಳೆ ಸರ್ಜನ್‌ಗಳ ಅಂತರರಾಷ್ಟ್ರೀಯ ಸಂಘ ಎಒ ಸ್ಪೈನ್‌ನ ಕೆಲವು ವಾರಗಳ ಫೆಲೋಶಿಪ್‌ಗಳಿಗೆ ಹೋಗಿಬರಲು ಈ ತೊಡಕಿಲ್ಲ. ಫುಲ್‌ಬ್ರೈಟ್-ನೆಹರು ಪೋಸ್ಟ್‌ಡಾಕ್ಟರಲ್ ಫೆಲೋಶಿಪ್ 8ರಿಂದ 24 ತಿಂಗಳದ್ದು, ಪಿಎಚ್‌ಡಿ ಆದವರಿಗೆ. ಅದರಲ್ಲಿ ರೋಗಿಗಳಿಗೆ ಚಿಕಿತ್ಸೆ ಕೊಡುವ ಕ್ಲಿನಿಕಲ್ ತರಬೇತಿಗೆ ಅವಕಾಶವಿಲ್ಲ. ಪ್ರಯೋಗಾಲಯ, ದತ್ತಾಂಶ, ಬಯೋಮೆಕ್ಯಾನಿಕ್ಸ್‌ನವರಿಗೆ ಹೊಂದುತ್ತದೆ.

ಇಂಪ್ಲಾಂಟ್, ಉಪಕರಣ ಮಾಡುವವರಿಗೆ

ಜೈವಿಕ ತಂತ್ರಜ್ಞಾನ ಉದ್ಯಮಕ್ಕೆ ನೆರವು ಕೊಡುವ ಕೇಂದ್ರ ಸರ್ಕಾರದ ಸಂಸ್ಥೆ ಬೈರಾಕ್‌ನ ಬಿಗ್ ಅನುದಾನ 50 ಲಕ್ಷದವರೆಗೆ, 18 ತಿಂಗಳು. ಜನವರಿ 1 ಮತ್ತು ಜುಲೈ 1ಕ್ಕೆ ವರ್ಷಕ್ಕೆ ಎರಡು ಬಾರಿ ಕರೆಯುವುದು ಅದರ ರೂಢಿ. ಬೆಂಗಳೂರಿನ ಜೀವವಿಜ್ಞಾನ ಕೇಂದ್ರ ಸಿ-ಕ್ಯಾಂಪ್ ಅದರ ಪಾಲುದಾರ ಕೇಂದ್ರಗಳಲ್ಲೊಂದು, ಹಾಗಾಗಿ ಇಲ್ಲಿಯವರಿಗೆ ಮಾರ್ಗದರ್ಶನ ಹತ್ತಿರದಲ್ಲೇ ಇದೆ.

ಇಲ್ಲಿಯೂ ಗಡಿಯಾರವೇ ಮುಖ್ಯ. ಪೆಡಿಕಲ್ ಸ್ಕ್ರೂ-ರಾಡ್ ಜೋಡಣೆಯನ್ನು (ಕಶೇರುಕಗಳನ್ನು ಹಿಡಿದಿಡುವ ಲೋಹದ ತಿರುಪು, ಸರಳು) ಎಎಸ್‌ಟಿಎಂ ಎಫ್1717 ಮಾನದಂಡದಂತೆ ಆಯಾಸ ಪರೀಕ್ಷೆಗೆ, ಅಂದರೆ ಮತ್ತೆ ಮತ್ತೆ ಭಾರ ಹೇರಿ ಇಳಿಸುವ ಪರೀಕ್ಷೆಗೆ ಹಾಕಿದರೆ, ಮುರಿಯದೆ ನಿಲ್ಲಬೇಕಾದದ್ದು 50 ಲಕ್ಷ ಆವರ್ತ. ಸೆಕೆಂಡಿಗೆ 5ರಂತೆ ಓಡಿಸಿದರೂ ಒಂದು ಮಾದರಿಗೆ ಹನ್ನೊಂದೂವರೆ ದಿನ ಬೇಕು. ಆರು ಮಾದರಿಗೆ ಒಂದೇ ಯಂತ್ರವಿದ್ದರೆ ಹತ್ತಿರಹತ್ತಿರ 70 ದಿನ. ವಿನ್ಯಾಸ ತಿದ್ದಿ ಇನ್ನೊಂದು ಸುತ್ತು ಎಂದರೆ ಮತ್ತೆ ಅಷ್ಟೇ. 18 ತಿಂಗಳಲ್ಲಿ ಎರಡು ಸುತ್ತು ಮುಗಿಸಬೇಕಾದರೆ ಪರೀಕ್ಷಾ ಯಂತ್ರದ ದಿನಗಳನ್ನು ಮೊದಲ ತಿಂಗಳಲ್ಲೇ ಕಾದಿರಿಸಬೇಕು. ಮನುಷ್ಯರ ಮೇಲಿನ ಟ್ರಯಲ್ ಅನ್ನು ಈ ಅವಧಿಗೆ ತುರುಕಬೇಡಿ. ಮೂಲಮಾದರಿ ಗಟ್ಟಿಯಾದ ಮೇಲೆ, ಎಎನ್‌ಆರ್‌ಎಫ್ ಮತ್ತು ಐಸಿಎಂಆರ್ 2025ರಲ್ಲಿ ಶುರು ಮಾಡಿದ ಮಹಾ ಮೆಡ್‌ಟೆಕ್ ಮಿಷನ್ ಇದೆ. ಅದರ ಯೋಜನೆಗಳು 5ರಿಂದ 25 ಕೋಟಿಯವು. ಹಣ ಮೈಲಿಗಲ್ಲುಗಳಿಗೆ ತಕ್ಕಂತೆ ಬಿಡುಗಡೆಯಾಗುತ್ತದೆ.

ವಿದ್ಯಾರ್ಥಿಗಳು, ಪಿಜಿಗಳು

ಎಂಬಿಬಿಎಸ್ ವಿದ್ಯಾರ್ಥಿಗೆ ಐಸಿಎಂಆರ್‌ನ ಎಸ್‌ಟಿಎಸ್ (ಅಲ್ಪಾವಧಿ ವಿದ್ಯಾರ್ಥಿವೇತನ): ಎರಡು ತಿಂಗಳ ಕೆಲಸ, 50,000 ರೂಪಾಯಿ, ಅದೂ ವರದಿ ಒಪ್ಪಿಗೆಯಾದ ಮೇಲೆ. ಎರಡು ತಿಂಗಳಲ್ಲಿ ಆಗುವ ಪ್ರಶ್ನೆಯನ್ನೇ ಆರಿಸಿ. ಕೆಎಸ್‌ಆರ್‌ಟಿಸಿ ಚಾಲಕರಲ್ಲಿ ಸೊಂಟನೋವಿನ ಪ್ರಮಾಣ, ಒಪಿಡಿಗೆ ಬರುವ ಮುಂಚೆ ರೋಗಿಗಳು ಎಷ್ಟು ಕಡೆ ಅಲೆದಿರುತ್ತಾರೆ, ಇಂಥವು ಆಗುತ್ತವೆ. ಫಾಲೋಅಪ್ ಬೇಡುವ ಯಾವುದೂ ಆಗುವುದಿಲ್ಲ.

ಪಿಜಿ ಥೀಸಿಸ್‌ಗೆ ಐಸಿಎಂಆರ್ ನೆರವಿದೆ, ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯವೂ ತನ್ನ ಅಧೀನ ಕಾಲೇಜುಗಳ ವಿದ್ಯಾರ್ಥಿ, ಅಧ್ಯಾಪಕರಿಗೆ ಸಂಶೋಧನಾ ನೆರವು ಕೊಡುತ್ತದೆ. ಮೊತ್ತ ಸಣ್ಣದು. ಅದರ ನಿಜವಾದ ಬೆಲೆ ಬೇರೆ ಕಡೆ ಇದೆ: 20 ರೋಗಿಗಳ ಪೈಲಟ್ (ಮುಖ್ಯ ಅಧ್ಯಯನಕ್ಕೆ ಮುಂಚಿನ ಸಣ್ಣ ಅಧ್ಯಯನ) ಮುಗಿಸಿಕೊಂಡರೆ ನಿಮ್ಮದೇ ಸ್ಟ್ಯಾಂಡರ್ಡ್ ಡೀವಿಯೇಶನ್, ನಿಮ್ಮದೇ ಸೋರಿಕೆ ಪ್ರಮಾಣ ಕೈಗೆ ಸಿಗುತ್ತದೆ. ಮುಂದಿನ ದೊಡ್ಡ ಅರ್ಜಿಯಲ್ಲಿ ಬೇರೆ ದೇಶದ ಸಂಖ್ಯೆಗಳನ್ನು ಎರವಲು ತರಬೇಕಿಲ್ಲ. ಡಿಎಂ, ಎಂಸಿಎಚ್ ಮಾಡುತ್ತಿರುವವರಿಗೂ ಇದೇ ಮಾತು.

ಪೈಲಟ್‌ನಲ್ಲೇ ಬಯಲಾಗುವ ಇನ್ನೊಂದು ಸಂಗತಿ ಪ್ರಶ್ನಾವಳಿಯದು. ಓಸ್ವೆಸ್ಟ್ರಿಯಲ್ಲಿ ಲೈಂಗಿಕ ಜೀವನದ ಪ್ರಶ್ನೆಯನ್ನು ನಮ್ಮಲ್ಲಿ ಅನೇಕರು ಖಾಲಿ ಬಿಡುತ್ತಾರೆ. ಆಗ ಆ ಪ್ರಶ್ನೆಯ 5 ಅಂಕ ಬಿಟ್ಟು, ಒಟ್ಟು ಅಂಕವನ್ನು 50ರಿಂದಲ್ಲ, 45ರಿಂದ ಭಾಗಿಸಬೇಕು. ಇದನ್ನು ಮೊದಲೇ ಬರೆದಿಡದಿದ್ದರೆ ಇಬ್ಬರು ಸಿಬ್ಬಂದಿ ಎರಡು ಬಗೆಯಲ್ಲಿ ಲೆಕ್ಕ ಹಾಕಿರುತ್ತಾರೆ. ಬಿತ್ತನೆ, ಕಟಾವಿನ ತಿಂಗಳುಗಳಲ್ಲಿ ಹಳ್ಳಿಯ ರೋಗಿಗಳು ಫಾಲೋಅಪ್‌ಗೆ ಬರುವುದಿಲ್ಲ. ಭೇಟಿಯ ದಿನಾಂಕಕ್ಕೆ ಹಿಂದೆ-ಮುಂದೆ ನಾಲ್ಕು ವಾರದ ಸಡಿಲ ಇಟ್ಟು, ಫೋನಿನಲ್ಲಿ ಕೇಳಿ ತುಂಬುವ ಅವಕಾಶವನ್ನು ಎಥಿಕ್ಸ್ ಅರ್ಜಿಯಲ್ಲೇ ಬರೆಯಿರಿ.

ನಿಮ್ಮ ಸ್ಥಿತಿಗೆ ಯಾವುದು

ಹೊಸದಾಗಿ ಕಾಯಂ ಆದ ಅಧ್ಯಾಪಕರು, ಪ್ರಯೋಗಾಲಯ ಅಥವಾ ಚಿತ್ರ ವಿಶ್ಲೇಷಣೆಯ ಪ್ರಶ್ನೆ ಇದ್ದವರು ಎಎನ್‌ಆರ್‌ಎಫ್ ಆರಿಸಿ. ರೋಗಿಗಳ ಅಧ್ಯಯನ, 12 ತಿಂಗಳಲ್ಲಿ ಉತ್ತರ ಸಿಗುತ್ತದೆ ಎಂದರೆ ಐಸಿಎಂಆರ್ ಸ್ಮಾಲ್. ಎರಡು ವರ್ಷದ ಫಾಲೋಅಪ್ ತಪ್ಪದು, ಶಸ್ತ್ರಚಿಕಿತ್ಸೆಯ ಹೊರೆ ಇಳಿಸಿಕೊಳ್ಳಬಲ್ಲಿರಿ ಎಂದರೆ ಇಂಡಿಯಾ ಅಲಯನ್ಸ್. ಹೊರೆ ಇಳಿಸಲಾಗದ ಹಿರಿಯ ಸರ್ಜನ್‌ಗಳು ಹಳೆಯ ಒಡನಾಟದ ಕೇಂದ್ರಗಳನ್ನು ಕೂಡಿಸಿಕೊಂಡು ಐಸಿಎಂಆರ್ ಇಂಟರ್‌ಮೀಡಿಯೇಟ್‌ನ 4 ವರ್ಷಕ್ಕೆ ಹೋಗುವುದು ಮೇಲು. 43 ತಿಂಗಳು 48ರೊಳಗೆ ಕೂರುತ್ತದೆ. ಕೋಟಿಗಟ್ಟಲೆ ಹಣದ ದರ್ಜೆಗೆ ತಕ್ಕ ದೊಡ್ಡ ಪ್ರಶ್ನೆ ಮಾತ್ರ ಬೇಕು. 40 ಲಕ್ಷದ ಅಧ್ಯಯನವನ್ನು 2 ಕೋಟಿಗೆ ಹಿಗ್ಗಿಸಿದರೆ ಪರಿಶೀಲಕರ ಕಣ್ಣಿಗೆ ಬೀಳುತ್ತದೆ.

ಒಂದೇ ಪ್ರಪೋಸಲ್ ಅನ್ನು ಎರಡು ಕಡೆ ಹಾಕುವ ಮುನ್ನ ಎರಡೂ ಕಡೆಯ ಘೋಷಣಾ ಪತ್ರ ಓದಿ. ಇನ್ನೊಂದು ಅರ್ಜಿಯನ್ನು ಮುಚ್ಚಿಟ್ಟದ್ದು ಮುಂದೆ ತಿಳಿದರೆ ಮಂಜೂರಾದದ್ದೂ ಹೋಗಬಹುದು.

ಸಿಟಿಆರ್‌ಐ ನೋಂದಣಿ ಮೊದಲ ರೋಗಿ ಸೇರುವ ಮುನ್ನವೇ ಆಗಿರಬೇಕು; 2018ರ ಏಪ್ರಿಲ್ 1ರಿಂದ ತಡವಾದ ನೋಂದಣಿಗೆ ಅವಕಾಶವಿಲ್ಲ. ಎಥಿಕ್ಸ್ ಅರ್ಜಿಯನ್ನು ಅನುದಾನ ಬರಲಿ ಎಂದು ಕಾಯದೆ ಈಗಲೇ ಸಲ್ಲಿಸಿ, ಲೆಕ್ಕದ ಮೊದಲ 4 ತಿಂಗಳಲ್ಲಿ ಎರಡಾದರೂ ಉಳಿಯುತ್ತದೆ. ಮಂಜೂರಾತಿ ಪತ್ರ ಬಂದ ದಿನ ಮೊದಲು ಹೋಗಬೇಕಾದದ್ದು ಅಕೌಂಟ್ಸ್ ವಿಭಾಗಕ್ಕೆ. ಪಿಎಫ್‌ಎಂಎಸ್ (ಸರ್ಕಾರಿ ಹಣ ಬಿಡುಗಡೆಯ ಆನ್‌ಲೈನ್ ವ್ಯವಸ್ಥೆ) ಖಾತೆ ತೆರೆದಿರದಿದ್ದರೆ ಮೊದಲ ಕಂತು ತಡವಾಗುತ್ತದೆ. ಮಾರ್ಚ್ 31ಕ್ಕೆ ಮುಗಿಯುವ ಹಣಕಾಸು ವರ್ಷದ ಯುಟಿಲೈಸೇಶನ್ ಸರ್ಟಿಫಿಕೇಟ್ (ಹಣ ಬಳಕೆಯ ಪ್ರಮಾಣಪತ್ರ) ಹೋಗದಿದ್ದರೆ ಎರಡನೇ ಕಂತು ನಿಲ್ಲುತ್ತದೆ. ರೋಗಿಗಳ ಫಾಲೋಅಪ್ ದಿನಾಂಕಗಳು ಮಾತ್ರ ಕಂತಿಗಾಗಿ ಕಾಯುವುದಿಲ್ಲ. ಆ ನಡುವಿನ ಎರಡು-ಮೂರು ತಿಂಗಳ ಸಂಬಳವನ್ನು ಸಂಸ್ಥೆ ಮುಂಗಡವಾಗಿ ಕೊಡುತ್ತದೆಯೇ ಎಂದು ಅರ್ಜಿಗೆ ಸಹಿ ಹಾಕಿಸುವಾಗಲೇ ಪ್ರಾಂಶುಪಾಲರಿಂದ ಪತ್ರ ಬರೆಸಿಕೊಳ್ಳಿ.